ಪ್ರಳಯ ಇಳಿದ ಮೇಲೆ ಚಿಗುರು ಎಲ್ಲಿಂದ ಬಂತು?

ಮಕ್ಕಳೇ, ಬೈಬಲ್ಲಿನಲ್ಲಿ ಒಂದು ದೊಡ್ಡ ಮಳೆಯ ಕಥೆಯಿದೆ. ನಿಮ್ಮಲ್ಲಿ ಕೆಲವರಿಗೆ ಅದು ಗೊತ್ತಿರಬಹುದು. ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಈಗ ಹೇಳುತ್ತೇನೆ, ಕೇಳಿ. ಲೋಕದಲ್ಲಿ ಕೆಡುಕು ತುಂಬಿ ಹೋಗಿದ್ದ ಕಾಲದಲ್ಲಿ ನೋಹ ಎಂಬ ಒಳ್ಳೆಯ ಮನುಷ್ಯನಿದ್ದ. ದೊಡ್ಡ ಪ್ರಳಯ ಬರಲಿದೆ ಎಂದು ದೇವರು ಅವನಿಗೆ ಮೊದಲೇ ತಿಳಿಸಿದ. ನೋಹ ಮರದಿಂದ ಭಾರೀ ನಾವೆ ಕಟ್ಟಿದ. ಹೆಂಡತಿ, ಮೂವರು ಗಂಡುಮಕ್ಕಳು, ಸೊಸೆಯಂದಿರು, ಬಗೆಬಗೆಯ ಪ್ರಾಣಿ ಪಕ್ಷಿಗಳು, ಎಲ್ಲರೂ ಅದರೊಳಗೆ ಸೇರಿಕೊಂಡರು. ಆಮೇಲೆ 40 ಹಗಲು, 40 ರಾತ್ರಿ ಬಿಡದೆ ಮಳೆ ಸುರಿಯಿತು. ಹೊಲ, ಊರು, ಕಾಡು, ಕೊನೆಗೆ ಬೆಟ್ಟಗಳೂ ಮುಳುಗಿದವು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಮಳೆಯ ಆರ್ಭಟವನ್ನೇ ಹೆಚ್ಚು ಹೇಳುತ್ತಾರೆ. ನನಗೆ ತುಂಬ ಇಷ್ಟವಾದದ್ದು ಮಳೆ ನಿಂತ ಮೇಲಿನ ಭಾಗ. ನೀರು ನಿಧಾನವಾಗಿ ಇಳಿಯತೊಡಗಿತು. ನಾವೆ ಅರರಾಟ್ ಬೆಟ್ಟಗಳ ಮೇಲೆ ತಂಗಿತು. ಆದರೆ ಹೊರಗೆ ನೆಲ ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನೋಹ ಏನು ಮಾಡಿದ ಗೊತ್ತೇ? ಕಿಟಕಿ ತೆರೆದು ಮೊದಲು ಒಂದು ಕಾಗೆಯನ್ನು ಹಾರಿಬಿಟ್ಟ. ಆಮೇಲೆ ಒಂದು ಪಾರಿವಾಳವನ್ನು ಬಿಟ್ಟ. ಪಾರಿವಾಳಕ್ಕೆ ಕಾಲೂರಲು ಎಲ್ಲೂ ಜಾಗ ಸಿಗಲಿಲ್ಲ, ತಿರುಗಿ ಬಂತು. ಏಳು ದಿನ ಕಾದು ಮತ್ತೆ ಬಿಟ್ಟ. ಆ ದಿನ ಸಂಜೆ ಅದು ಬರುವಾಗ ಕೊಕ್ಕಿನಲ್ಲಿ ಒಂದು ಹಸಿ ಎಲೆ ಇತ್ತು, ಆಲಿವ್ ಮರದ ಎಲೆ. ಇನ್ನೂ ಏಳು ದಿನ ಕಳೆದು ಮೂರನೆಯ ಸಲ ಬಿಟ್ಟಾಗ ಪಾರಿವಾಳ ಮರಳಲೇ ಇಲ್ಲ. ಅದಕ್ಕೆ ಹೊರಗೆ ನೆಲೆ ಸಿಕ್ಕಿತ್ತು.

ನೋಹ ಮಾಡಿದ್ದು ಎಷ್ಟು ಚೆಂದದ ಕೆಲಸ ನೋಡಿ. ಒಂದು ಪ್ರಶ್ನೆ ಇಟ್ಟುಕೊಂಡ. ಉತ್ತರಕ್ಕೆ ಒಂದು ಉಪಾಯ ಹುಡುಕಿದ. ಒಂದೇ ಸಲಕ್ಕೆ ತೀರ್ಮಾನ ಮಾಡದೆ, ದಿನ ಬಿಟ್ಟು ಮತ್ತೆ ಮತ್ತೆ ಪರೀಕ್ಷಿಸಿದ. ವಿಜ್ಞಾನಿಗಳು ಮಾಡುವುದೂ ಇದನ್ನೇ. ಆದ್ದರಿಂದ ನಾವೂ ಇವತ್ತು ಆ ಎಲೆಯನ್ನು ಕೈಯಲ್ಲಿ ಹಿಡಿದು ಒಂದು ಪ್ರಶ್ನೆ ಕೇಳೋಣ. ಎಲ್ಲವೂ ನಾಶವಾದ ಜಾಗದಲ್ಲಿ ಹೊಸ ಹಸಿರು ಎಲ್ಲಿಂದ ಬರುತ್ತದೆ?

ಮೊದಲು ಆ ಎಲೆಯ ಪರಿಚಯ ಮಾಡಿಕೊಳ್ಳೋಣ. ಆಲಿವ್ ಎಲೆ ಕಿರಿದಾಗಿ ಉದ್ದಕ್ಕೆ ಇರುತ್ತದೆ, ಸುಮಾರು ನಿಮ್ಮ ಬೆರಳಿನಷ್ಟು. ಮೇಲ್ಭಾಗ ಬೂದು ಬೆರೆತ ಹಸಿರು. ತಿರುಗಿಸಿ ನೋಡಿದರೆ ಅಡಿಭಾಗಕ್ಕೆ ಬೆಳ್ಳಿಯ ಹೊಳಪು. ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳು ಅಲ್ಲಿ ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಬಿಸಿಲಿನಲ್ಲಿ ಎಲೆಯ ನೀರು ಆರಿಹೋಗದಂತೆ ಅವು ಕಾಯುತ್ತವೆ. ಇನ್ನೊಂದು ಸಂತೋಷದ ವಿಷಯ ಹೇಳಲೇ? ನಮ್ಮ ಮಲ್ಲಿಗೆ ಮತ್ತು ಪಾರಿಜಾತ ಎರಡೂ ಆಲಿವ್ ಮರದ ಕುಟುಂಬಕ್ಕೇ ಸೇರಿದವು. ಎಲ್ಲಿಯ ಆಲಿವ್, ಎಲ್ಲಿಯ ಮೈಸೂರು ಮಲ್ಲಿಗೆ! ಆದರೂ ಅವು ಹತ್ತಿರದ ನೆಂಟರು.

ಆಲಿವ್ ಮರ ಸುಲಭಕ್ಕೆ ಸಾಯುವ ಜಾತಿಯದಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಸಾವಿರ ವರ್ಷ ದಾಟಿದ ಆಲಿವ್ ಮರಗಳಿವೆ. ಅದರ ಬುಡದಲ್ಲಿ ಗಂಟುಗಂಟಾದ ಉಬ್ಬುಗಳಿರುತ್ತವೆ. ಅವುಗಳೊಳಗೆ ಚಿಗುರುವ ಮೊಗ್ಗುಗಳು ಮಲಗಿರುತ್ತವೆ. ಮರ ಚೆನ್ನಾಗಿರುವಷ್ಟು ಕಾಲ ಅವು ಏಳುವುದಿಲ್ಲ. ಕಾಂಡವನ್ನು ಕಡಿದರೆ, ಬೆಂಕಿ ಸುಟ್ಟರೆ, ಹಿಮ ಒಣಗಿಸಿದರೆ ಆಗ ಏಳುತ್ತವೆ. ನಮ್ಮೂರಲ್ಲಿ ಕಡಿದ ನುಗ್ಗೆಯ ಬೊಡ್ಡೆ ಚಿಗುರುವುದನ್ನು ನೀವು ಕಂಡಿರಬೇಕು. ಹಾಗಾಗಿ ನಮ್ಮ ಪ್ರಶ್ನೆಗೆ ಮೊದಲ ಉತ್ತರ ಆ ಎಲೆಯಲ್ಲೇ ಸಿಕ್ಕಿತು. ಹೊಸ ಹಸಿರು ಕೆಲವೊಮ್ಮೆ ಕೆಳಗಿನಿಂದ, ಬಚ್ಚಿಟ್ಟುಕೊಂಡ ಜಾಗದಿಂದ ಬರುತ್ತದೆ.

ಇದು ಒಂದು ಮರದ ಮಾತಾಯಿತು. ಇಡೀ ಬೆಟ್ಟ, ಇಡೀ ಕಾಡು ಹಾಳಾದರೆ? ಹಾಗೆ ಆದದ್ದನ್ನು ವಿಜ್ಞಾನಿಗಳು ಕಣ್ಣಾರೆ ಕಂಡಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸೇಂಟ್ ಹೆಲೆನ್ಸ್ ಎಂಬ ಬೆಟ್ಟವಿದೆ. ಹೊರಗೆ ಹಿಮ ಹೊದ್ದ ಸುಂದರ ಬೆಟ್ಟ, ಒಳಗೆ ಕುದಿಯುವ ಜ್ವಾಲಾಮುಖಿ. 1980ರ ಮೇ 18, ಭಾನುವಾರ, ಬೆಳಿಗ್ಗೆ 8 ಗಂಟೆ 32 ನಿಮಿಷಕ್ಕೆ ನೆಲ ನಡುಗಿತು. ಬೆಟ್ಟದ ಉತ್ತರದ ಮೈಯೇ ಕುಸಿದು ಜಾರಿತು. ಒಳಗೆ ಒತ್ತಿಕೊಂಡಿದ್ದ ಬಿಸಿ ಅನಿಲ, ಬೂದಿ, ಕಲ್ಲು ಒಮ್ಮೆಲೇ ಪಕ್ಕಕ್ಕೆ ಸಿಡಿದವು.

ಬೆಟ್ಟದ ಎತ್ತರ ಆ ಒಂದು ಬೆಳಿಗ್ಗೆ ಸುಮಾರು 400 ಮೀಟರ್ ಕಡಿಮೆಯಾಯಿತು. ಸುಮಾರು 600 ಚದರ ಕಿಲೋಮೀಟರ್ ಕಾಡು ಹಾಳಾಯಿತು. ಎಷ್ಟೋ ದೂರದವರೆಗೆ ಭಾರೀ ಮರಗಳೆಲ್ಲ ಒಂದೇ ದಿಕ್ಕಿಗೆ ತಲೆಯಿಟ್ಟು ಉರುಳಿ ಬಿದ್ದಿದ್ದವು. ಬೆಟ್ಟದ ಬುಡದ ಬಯಲಿನ ಮೇಲೆ ಹಗುರವಾದ ತೂತು ಕಲ್ಲು ದಪ್ಪನಾಗಿ ಹಾಸಿಕೊಂಡಿತು. ಹಿಮ್ಮಡಿ ತಿಕ್ಕಲು ಅಂಗಡಿಯಲ್ಲಿ ಸಿಗುವ ಕಲ್ಲು ಇರುತ್ತದಲ್ಲ, ಆ ಜಾತಿಯ ಕಲ್ಲು. 57 ಜನ ತೀರಿಕೊಂಡರು. ಹೋದ ಜೀವ ಮರಳುವುದಿಲ್ಲ. ಆ ದುಃಖವನ್ನು ಯಾವ ಚಿಗುರೂ ಅಳಿಸಲಾರದು. ಮುಂದಿನದನ್ನು ಕೇಳುವಾಗ ಇದೂ ನಿಮ್ಮ ಮನಸ್ಸಿನಲ್ಲಿರಲಿ.

ಸ್ವಲ್ಪ ದಿನ ಕಳೆದು ವಿಜ್ಞಾನಿಗಳು ಹೆಲಿಕಾಪ್ಟರಿನಲ್ಲಿ ಅಲ್ಲಿಗೆ ಹೋದರು. ಎತ್ತ ನೋಡಿದರೂ ಬೂದು ಬಣ್ಣ. ಇನ್ನಿಲ್ಲಿ ಏನೂ ಉಳಿದಿಲ್ಲ, ಜೀವ ಎಲ್ಲವೂ ಹೊರಗಿನಿಂದಲೇ ಬರಬೇಕು ಎನ್ನಿಸುವಂತಿತ್ತು ಆ ನೋಟ. ಆದರೆ ಬಗ್ಗಿ, ಮಂಡಿಯೂರಿ, ನೆಲವನ್ನು ಹತ್ತಿರದಿಂದ ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಬೂದಿಯ ಬಿರುಕಿನಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಮೂತಿ ಇಣುಕುತ್ತಿತ್ತು. ಬೂದಿಯ ಕೆಳಗೆ ಬದುಕಿದ್ದ ಬೇರುಗಳು ಮೇಲೆ ದಾರಿ ಹುಡುಕಿಕೊಂಡಿದ್ದವು.

ಅವು ಉಳಿದದ್ದು ಹೇಗೆ? ಅದು ಮೇ ತಿಂಗಳು. ಬೆಟ್ಟದ ಮೇಲೆ ಅಲ್ಲಲ್ಲಿ ಚಳಿಗಾಲದ ಹಿಮ ಇನ್ನೂ ಕರಗದೆ ಗುಡ್ಡೆಯಾಗಿ ಉಳಿದಿತ್ತು. ಆ ಹಿಮದ ಕೆಳಗೆ ಪುಟ್ಟ ಗಿಡಗಳು ಮುದುಡಿ ಮಲಗಿದ್ದವು. ಬಿಸಿಗಾಳಿ ಹಿಮದ ಮೇಲೆ ಹಾದುಹೋಯಿತು, ಕೆಳಗಿದ್ದವುಗಳಿಗೆ ಅದು ತಾಗಲಿಲ್ಲ. ಮಂಜುಗಡ್ಡೆ ಮುಚ್ಚಿದ್ದ ಕೆರೆಗಳಲ್ಲಿ ಮೀನುಗಳು ಬದುಕಿದವು. ರಾತ್ರಿ ತಿರುಗಾಡುವ ಸಣ್ಣ ಪ್ರಾಣಿಗಳು ಬೆಳಗಾಗಿದ್ದರಿಂದ ಬಿಲ ಸೇರಿ ನಿದ್ದೆ ಮಾಡುತ್ತಿದ್ದವು, ಅವುಗಳಲ್ಲೂ ಕೆಲವು ಬದುಕಿದವು. ಹೊತ್ತು ಯಾವುದು, ತಿಂಗಳು ಯಾವುದು, ಯಾರು ಎಲ್ಲಿದ್ದರು, ಇಂಥ ಸಣ್ಣ ವಿಷಯಗಳಿಂದಲೇ ಎಷ್ಟೋ ಜೀವ ಉಳಿಯಿತು.

ಹಾಗೆ ಉಳಿದವರಲ್ಲಿ ಗೋಫರ್ ಎಂಬ ಪುಟ್ಟ ಪ್ರಾಣಿಯೂ ಇತ್ತು. ನೋಡಲು ದಪ್ಪ ಇಲಿಯ ಹಾಗೆ. ಎರಡೂ ಕೆನ್ನೆಗಳ ಹೊರಗೆ ಜೇಬು. ಆ ಜೇಬಿನಲ್ಲಿ ಗೆಡ್ಡೆ, ಬೇರು ತುಂಬಿಕೊಂಡು ನೆಲದೊಳಗಿನ ಸುರಂಗದಲ್ಲಿ ಓಡಾಡುತ್ತದೆ. ಬಾಳಿನ ಬಹುಪಾಲು ಅದು ನೆಲದಡಿಯಲ್ಲೇ ಕಳೆಯುತ್ತದೆ. ಸ್ಫೋಟವಾದ ಮೇಲೂ ಅದು ತನ್ನ ಕೆಲಸ ಬಿಡಲಿಲ್ಲ. ಕೆಳಗಿನ ಕಪ್ಪು ಮಣ್ಣನ್ನು ಅಗೆದು ಅಗೆದು ಮೇಲಿನ ಬೂದಿಯ ಮೇಲೆ ಗುಪ್ಪೆ ಹಾಕಿತು.

ಇದನ್ನು ಗಮನಿಸಿದ ವಿಜ್ಞಾನಿಗಳಿಗೆ ಒಂದು ಯೋಚನೆ ಬಂತು. 1983ರಲ್ಲಿ ಕೆಲವು ಗೋಫರ್‌ಗಳನ್ನು ತಂದು, ತೂತು ಕಲ್ಲಿನ ಬಯಲಿನಲ್ಲಿ ಬೇಲಿ ಹಾಕಿದ ಸಣ್ಣ ತುಂಡು ಜಾಗಗಳಲ್ಲಿ ಒಂದೇ ಒಂದು ದಿನ ಬಿಟ್ಟರು. ಅವು ತಮ್ಮ ಪಾಡಿಗೆ ತಾವು ಅಗೆದವು. ಆರು ವರ್ಷದ ನಂತರ ಹೋಗಿ ನೋಡಿದರೆ ಆ ತುಂಡುಗಳಲ್ಲಿ ಸುಮಾರು 40,000 ಗಿಡಗಳು ಬೆಳೆದಿದ್ದವು! ಸುತ್ತಲಿನ ಜಾಗ ಇನ್ನೂ ಹೆಚ್ಚುಕಡಿಮೆ ಬೋಳಾಗಿಯೇ ಇತ್ತು. ಒಂದು ದಿನದ ಅಗೆತ, ಆರು ವರ್ಷದ ಹಸಿರು.

ಇದು ಹೇಗೆ ಸಾಧ್ಯ? ರಾತ್ರಿ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಪಾತ್ರೆಯ ತುಂಬ ಹಾಲಿದ್ದರೂ ಹಾಕುವ ಮಜ್ಜಿಗೆ ಒಂದು ಚಮಚ ಅಷ್ಟೆ. ಆ ಚಮಚದಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಜೀವಾಣುಗಳಿರುತ್ತವೆ. ಬೆಳಗಾಗುವುದರೊಳಗೆ ಅವು ಹೆಚ್ಚಿ ಹೆಚ್ಚಿ ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡುತ್ತವೆ. ಗೋಫರ್ ಮೇಲೆ ತಂದ ಹಳೆಯ ಮಣ್ಣಿನಲ್ಲೂ ಹಾಗೆಯೇ ಬ್ಯಾಕ್ಟೀರಿಯಾಗಳಿದ್ದವು, ಅಣಬೆಯ ಬಳಗದ ನವಿರಾದ ನೂಲೆಳೆಗಳಿದ್ದವು. ಆ ಎಳೆಗಳು ಗಿಡದ ಬೇರಿಗೆ ಜೊತೆಯಾಗಿ, ಬೇರು ತಲುಪಲಾರದ ಕಡೆಯಿಂದ ನೀರು, ಸತ್ವ ತಂದುಕೊಡುತ್ತವೆ. ಸತ್ತಂತಿದ್ದ ಬೂದಿಗೆ ಗೋಫರ್ ಜೀವದ ಹೆಪ್ಪು ಹಾಕಿತ್ತು.

ಇನ್ನು ಕೆಲವರು ಆಕಾಶದಿಂದ ಬಂದರು. ಜೇಡದ ಮರಿಗಳು ಗಾಳಿಗೆ ಒಂದು ಎಳೆ ನೂಲು ಬಿಟ್ಟು, ಅದನ್ನೇ ಹಿಡಿದು ತೇಲುತ್ತಾ ಬಹುದೂರ ಹೋಗಬಲ್ಲವು. ಸೇಂಟ್ ಹೆಲೆನ್ಸ್‌ನ ಬೋಳು ಬಯಲಿಗೆ ಮೊದಮೊದಲು ಬಂದವರಲ್ಲಿ ಜೇಡ ಮತ್ತು ಕೀಟಗಳೂ ಇದ್ದವು. ಬಹಳಷ್ಟು ಅಲ್ಲೇ ಸತ್ತವು. ಆದರೆ ಅವುಗಳ ಪುಟ್ಟ ದೇಹಗಳು ಬೂದಿಯಲ್ಲಿ ಬೆರೆತು ಮುಂದಿನ ಗಿಡಕ್ಕೆ ಗೊಬ್ಬರವಾದವು. ಇದಕ್ಕೂ ಸುಮಾರು ನೂರು ವರ್ಷ ಹಿಂದೆ, 1883ರ ಆಗಸ್ಟ್‌ನಲ್ಲಿ, ಇಂಡೋನೇಷ್ಯಾದ ಕ್ರಕಟೋವ ದ್ವೀಪ ಸಿಡಿದು ಬರೀ ಬಿಸಿ ಬೂದಿಯ ದಿಬ್ಬವಾಗಿತ್ತು. ಮರುವರ್ಷ ಮೇ ತಿಂಗಳಲ್ಲಿ ಅಲ್ಲಿಗೆ ಹೋದವರು ಹುಡುಕಿ ಹುಡುಕಿ ಒಂದೇ ಒಂದು ಜೀವಿಯನ್ನು ಕಂಡರು. ಅದೊಂದು ತೀರಾ ಸಣ್ಣ ಜೇಡ. ತಿನ್ನಲು ಒಂದು ನೊಣವೂ ಇಲ್ಲದ ಆ ದ್ವೀಪದಲ್ಲಿ ಅದು ಬಲೆ ನೇಯುತ್ತಿತ್ತು! ಇವತ್ತು ಅಲ್ಲಿ ಮತ್ತೆ ಕಾಡು ಬೆಳೆದಿದೆ.

ಈಗ ಸೇಂಟ್ ಹೆಲೆನ್ಸ್‌ಗೆ ಮರಳಿ ಒಂದು ಹೂವನ್ನು ನೋಡೋಣ. ತೂತು ಕಲ್ಲಿನ ಬೋಳು ಬಯಲಿನಲ್ಲಿ ಒಂದೆರಡು ವರ್ಷಕ್ಕೇ ಲೂಪಿನ್ ಎಂಬ ಗಿಡ ಬೇರೂರಿತು. ಗೇಣೆತ್ತರದ ಗಿಡ, ನೇರಳೆ ಬಣ್ಣದ ಹೂಗೊಂಚಲು. ಅಲ್ಲಿನ ನೆಲದಲ್ಲಿ ಗಿಡಗಳಿಗೆ ಬೇಕಾದ ಸಾರಜನಕ ಬಹುತೇಕ ಇರಲೇ ಇಲ್ಲ. ಸಾರಜನಕವಿಲ್ಲದೆ ಯಾವ ಗಿಡವೂ ಬೆಳೆಯದು. ಹಾಗಿದ್ದರೆ ಲೂಪಿನ್ ಬದುಕಿದ್ದು ಹೇಗೆ?

ಉತ್ತರ ನಮ್ಮ ಹೊಲದಲ್ಲೇ ಇದೆ. ಲೂಪಿನ್ ನಮ್ಮ ಕಡಲೆಕಾಯಿ, ಅಲಸಂದೆ, ಹುರುಳಿಯ ಬಳಗದ್ದು. ಮಳೆಗಾಲದಲ್ಲಿ ಹೂ ಬಿಟ್ಟ ಒಂದು ಕಡಲೆಕಾಯಿ ಗಿಡವನ್ನು, ದೊಡ್ಡವರನ್ನು ಕೇಳಿ, ಬೇರು ತುಂಡಾಗದಂತೆ ಮೆಲ್ಲಗೆ ಕಿತ್ತು ನೋಡಿ. ಬೇರಿನ ತುಂಬ ಸಾಸಿವೆ ಗಾತ್ರದ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಚಿವುಟಿದರೆ ಒಳಗೆ ನಸುಗೆಂಪು ಕಾಣುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿವೆ. ನಾವು ಉಸಿರಾಡುವ ಗಾಳಿಯ 100 ಪಾಲಿನಲ್ಲಿ 78 ಪಾಲು ಸಾರಜನಕವೇ, ಆದರೆ ಗಿಡಗಳಿಗೆ ಅದನ್ನು ನೇರವಾಗಿ ತೆಗೆದುಕೊಳ್ಳಲು ಬರುವುದಿಲ್ಲ. ಈ ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಅದನ್ನು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತವೆ. ಪ್ರತಿಯಾಗಿ ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ.

ಲೂಪಿನ್ ಬೂದಿಯಲ್ಲಿ ನೆಲೆ ನಿಂತು ಹರಡಿತು. ಗಾಳಿಯಲ್ಲಿ ತೇಲಿಬಂದ ಬೇರೆ ಬೀಜಗಳು ಅದರ ಎಲೆಗಳ ನಡುವೆ ಸಿಕ್ಕಿಕೊಂಡವು. ಲೂಪಿನ್ ಒಣಗಿ ಕೊಳೆತಾಗ ಅದರಲ್ಲಿದ್ದ ಸಾರಜನಕ ನೆಲಕ್ಕೆ ಸೇರಿತು. ಆ ನೆಲದಲ್ಲಿ ಹುಲ್ಲು ಬಂತು, ಬೇರೆ ಗಿಡಗಳು ಬಂದವು, ಪೊದೆಗಳು ಬಂದವು. ಮೊದಲು ಬಂದ ಗಿಡ ತಾನು ಬದುಕಿದ್ದಷ್ಟೇ ಅಲ್ಲ, ಹಿಂದೆ ಬರುವವರಿಗೆ ನೆಲ ಹದ ಮಾಡಿಟ್ಟು ಹೋಯಿತು.

ಈಗ ಒಮ್ಮೆ ಬೈಬಲ್ಲಿನ ನಾಡಿಗೇ ಹೋಗಿಬರೋಣ. ಇಸ್ರೇಲಿನಲ್ಲಿ ಮೃತ ಸಮುದ್ರದ ಬಳಿ, ಕಡಿದಾದ ಬಂಡೆಯ ಮೇಲೆ, ಮಸಾಡ ಎಂಬ ಹಳೆಯ ಕೋಟೆಯಿದೆ. ಸುಮಾರು 1950 ವರ್ಷಗಳ ಹಿಂದೆ ರೋಮನ್ ಸೈನ್ಯ ಅದನ್ನು ಮುತ್ತಿ ಗೆದ್ದಿತು. ಕೋಟೆ ಪಾಳುಬಿತ್ತು. 1960ರ ದಶಕದಲ್ಲಿ ಅಲ್ಲಿ ಅಗೆದವರಿಗೆ ಹಳೆಯ ಖರ್ಜೂರದ ಬೀಜಗಳು ಸಿಕ್ಕವು. ಹಿಂದಿನ ಕಾಲದಲ್ಲಿ ಆ ನಾಡಿನ ಖರ್ಜೂರಕ್ಕೆ ದೊಡ್ಡ ಹೆಸರಿತ್ತು, ಆಮೇಲೆ ಆ ಮರಗಳು ಇಲ್ಲವಾಗಿದ್ದವು.

ಸಾರಾ ಸಾಲನ್ ಎಂಬ ವೈದ್ಯೆಗೆ ಆ ಬೀಜಗಳನ್ನು ಬಿತ್ತಿ ನೋಡುವ ಆಸೆಯಾಯಿತು. 2005ರಲ್ಲಿ ಎಲೇನ್ ಸೊಲೊವೇ ಎಂಬ ಕೃಷಿತಜ್ಞೆ ಅವುಗಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಕುಂಡದಲ್ಲಿ ಬಿತ್ತಿದರು. ವಾರಗಳು ಕಳೆದವು. ಒಂದು ದಿನ ಮಣ್ಣು ಸೀಳಿ ಮೊಳಕೆ ಎದ್ದಿತು! ಪರೀಕ್ಷೆ ಮಾಡಿದಾಗ ಆ ಬೀಜಕ್ಕೆ ಸುಮಾರು 2000 ವರ್ಷ ಎಂದು ಗೊತ್ತಾಯಿತು. ಆ ಗಿಡಕ್ಕೆ ಮೆತೂಷೆಲಹ ಎಂದು ಹೆಸರಿಟ್ಟರು. ಬೈಬಲ್ಲಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ, 969 ವರ್ಷ, ಬದುಕಿದವನು ಮೆತೂಷೆಲಹ. ಅವನು ಯಾರು ಗೊತ್ತೇ? ನಮ್ಮ ನೋಹನ ಅಜ್ಜ. ಆ ಮರ ಗಂಡು ಮರ. ಆಮೇಲೆ ಅಂಥವೇ ಇನ್ನೂ ಕೆಲವು ಹಳೆಯ ಬೀಜಗಳು ಮೊಳೆತವು. ಅವುಗಳಲ್ಲಿ ಹನ್ನಾ ಎಂಬ ಹೆಣ್ಣು ಮರಕ್ಕೆ ಮೆತೂಷೆಲಹನ ಪರಾಗ ತಾಗಿಸಿದರು. 2020ರಲ್ಲಿ ಹನ್ನಾ ಹಣ್ಣು ಕೊಟ್ಟಿತು.

ಬೀಜ ಅಷ್ಟು ಕಾಲ ಸಾಯದೆ ಇದ್ದದ್ದು ಹೇಗೆ? ಬೀಜದೊಳಗೆ ಒಂದು ಎಳೆ ಗಿಡ, ಅದಕ್ಕೊಂದಿಷ್ಟು ಆಹಾರ, ಸುತ್ತ ಗಟ್ಟಿ ಸಿಪ್ಪೆ. ನೀರು ತೀರಾ ಕಡಿಮೆಯಾದಾಗ ಒಳಗಿನ ಕೆಲಸವೆಲ್ಲ ಬಹುತೇಕ ನಿಂತಂತಾಗುತ್ತದೆ. ಕೆಲಸ ನಿಂತರೆ ಸವೆತವೂ ಕಡಿಮೆ. ಮೃತ ಸಮುದ್ರದ ಸುತ್ತ ಮಳೆ ಅಪರೂಪ, ಗಾಳಿ ಒಣ. ಊರನ್ನು ಬರಡಾಗಿಸಿದ ಆ ಒಣಹವೆಯೇ ಬೀಜವನ್ನು ಕಾಪಾಡಿತ್ತು.

ನೀವೂ ಒಂದು ಪ್ರಯೋಗ ಮಾಡಿ. ಮೂರು ತೆಂಗಿನ ಕರಟ ತೆಗೆದುಕೊಂಡು ಅಡಿಗೆ ಸಣ್ಣ ತೂತು ಮಾಡಿಸಿಕೊಳ್ಳಿ. ಬೇಲಿ ಬದಿಯ ಒಣ ಮಣ್ಣನ್ನು ತನ್ನಿ. ಮೊದಲ ಕರಟಕ್ಕೆ ಅದನ್ನು ಹಾಗೆಯೇ ತುಂಬಿ. ಉಳಿದ ಮಣ್ಣನ್ನು ದೊಡ್ಡವರ ಕೈಯಿಂದ ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿಸಿ, ಆರಿಸಿ, ಎರಡನೆಯ ಮತ್ತು ಮೂರನೆಯ ಕರಟಕ್ಕೆ ತುಂಬಿ. ಈಗ ಮೂರನೆಯದಕ್ಕೆ ಮಾತ್ರ ಹುರಿಯದ ಮಣ್ಣು ಒಂದು ಚಮಚ ಬೆರೆಸಿ. ಮೂರಕ್ಕೂ ತೆಳು ಬಟ್ಟೆ ಮುಚ್ಚಿ, ಬೆಳಕಿರುವ ಕಡೆ ಇಟ್ಟು, ದಿನವೂ ಸ್ವಲ್ಪ ನೀರು ಚಿಮುಕಿಸಿ. ಯಾವುದರಲ್ಲಿ ಏನು ಹುಟ್ಟಿತು, ಎಷ್ಟನೆಯ ದಿನ ಹುಟ್ಟಿತು, ಎಲೆಯ ಆಕಾರ ಹೇಗಿದೆ ಎಂದು ಬರೆದಿಡಿ. ಮೂರನೆಯ ಕರಟದ ಮೇಲೆ ಕಣ್ಣಿರಲಿ, ಏಕೆಂದರೆ ಅಲ್ಲಿ ಗೋಫರ್ ನೀವೇ.

ಊರಿನಲ್ಲಿ ಗುಡ್ಡ ಜರಿದಾಗ, ಕಾಡಿಗೆ ಬೆಂಕಿ ಬಿದ್ದಾಗ, ನೆರೆ ಬಂದು ತೋಟ ಕೊಚ್ಚಿಹೋದಾಗ ದೊಡ್ಡವರೂ ಎಲ್ಲ ಮುಗಿಯಿತು ಎನ್ನುತ್ತಾರೆ. ದುಃಖದಲ್ಲಿ ಹಾಗನ್ನಿಸುವುದು ಸಹಜ. ಆಗ ಅವರ ಪಕ್ಕ ಕುಳಿತು, ನಿಮ್ಮ ಮನಸ್ಸಿನಲ್ಲೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೆಳಗೆ ಏನು ಉಳಿದಿದೆ? ಹೊರಗಿನಿಂದ ಯಾರು ಬರಬಲ್ಲರು? ಬರುವವರಿಗೆ ನೆಲ ಹದ ಮಾಡುವವರು ಯಾರು? ಮೊದಲ ಎರಡಕ್ಕೆ ಉತ್ತರ ಸಿಗಲು ಬಗ್ಗಿ ನೋಡಬೇಕು, ಕಾಯಬೇಕು. ಮೂರನೆಯದಕ್ಕೆ ಉತ್ತರ ನಾವೇ ಆಗಬಹುದು.

ನಾವೆಯಿಂದ ಇಳಿದ ನೋಹ ಮುಂದೆ ಏನು ಮಾಡಿದ ಎಂಬುದನ್ನೂ ಬೈಬಲ್ ಹೇಳುತ್ತದೆ. ಅವನು ಬೇಸಾಯಗಾರನಾಗಿ ದ್ರಾಕ್ಷಿತೋಟ ಮಾಡಿದ. ಹೊಸದಾಗಿ ನೆಟ್ಟ ಬಳ್ಳಿ ಚೆನ್ನಾಗಿ ಹಣ್ಣು ಬಿಡಲು ಒಂದೆರಡು ವರ್ಷವಾದರೂ ಕಾಯಬೇಕು. ಎಲ್ಲವನ್ನೂ ಕಳೆದುಕೊಂಡ ನೆಲದ ಮೇಲೆ ನಿಂತು ಅಂಥ ಬೆಳೆಯನ್ನು ನೆಡಲು ಮುಂದಿನ ವರ್ಷಗಳ ಮೇಲೆ ನಂಬಿಕೆ ಬೇಕು. ಆ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹೊರಗೆ ಜೀವವಿದೆ ಎಂಬುದಕ್ಕೆ ಅವನು ಮೂರು ಸಲ ಪಾರಿವಾಳವನ್ನು ಹಾರಿಬಿಟ್ಟು, ಗುರುತು ಸಿಗುವವರೆಗೆ ಕಾದಿದ್ದ. ಮಕ್ಕಳೇ, ನೀವೂ ಹಾಗೆಯೇ ಮಾಡಿ. ಮೊದಲು ಚೆನ್ನಾಗಿ ಹುಡುಕಿ ನೋಡಿ, ಆಮೇಲೆ ಧೈರ್ಯವಾಗಿ ಒಂದು ಗಿಡ ನೆಡಿ.